ಸೀರೆಯಿಲ್ಲದ ಕುಚ್ಚು

ಜುಲೈ 6, ಭಾನುವಾರ, ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಇದು ಶುರುವಾಯಿತು. ಸೂರತ್‌ನ ಅಡಾಜಣ್ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಯಾರದೋ ಸೀರೆಯ ಸೆರಗಿಗೆ ಕುಚ್ಚು ಕಟ್ಟುತ್ತಿದ್ದ ಅಕ್ಕ ಸೂಜಿ ಕೆಳಗಿಟ್ಟು, "ರೀ, ಇನ್ನೊಂದು ಸಲ ಟ್ರಾನ್ಸ್‌ಫರ್ ಅಂದ್ರೆ ನೀವೊಬ್ಬರೇ ಹೋಗಿ," ಅಂದಳು.

ಭಾವ ಬ್ಯಾಂಕಿನವರು. ನಾನು ಅಹಮದಾಬಾದ್‌ನಲ್ಲಿ ಕಾಲೇಜಿಗೆ ಸೇರಿದಾಗಿನಿಂದ ಅವರ ಮನೆಯಲ್ಲೇ ಬಿದ್ದುಕೊಂಡಿದ್ದೇನೆ. ಈಗ ಇದೇ ಊರಿನ ಕತಾರ್‌ಗಾಮ್‌ನ ಒಂದು ಜವಳಿ ಘಟಕದಲ್ಲಿ ದಾಸ್ತಾನು ಎಣಿಸುವ ಕೆಲಸ. ಆ ಚಟ ಮನೆಗೂ ಬಂದಿದೆ. ನನ್ನ ನೋಟ್‌ಬುಕ್ಕಿನ ಪ್ರಕಾರ ಅಹಮದಾಬಾದ್‌ನಲ್ಲಿ ಅಕ್ಕನ ಕಾಯಂ ಗಿರಾಕಿಗಳು 31. ವಡೋದರಾಗೆ ಬಂದಾಗ ಸೊನ್ನೆ, ಹೊರಡುವಾಗ 22. ಸೂರತ್‌ಗೆ ಬಂದಾಗ ಮತ್ತೆ ಸೊನ್ನೆ, ಈಗ 26. ಅಕ್ಕ ನನ್ನನ್ನು ಚಿತ್ರಗುಪ್ತ ಅನ್ನುತ್ತಾಳೆ. ಲೆಕ್ಕ ಬೇಕಾದಾಗ ಮಾತ್ರ ಅದೇ ಹೆಸರನ್ನು ಪ್ರೀತಿಯಿಂದ ಕೂಗುತ್ತಾಳೆ.

"ಗಿರಾಕಿಗಳನ್ನ ಲಾರಿಗೆ ಏರಿಸ್ಕೊಂಡು ಬರೋಕಾಗತ್ತೇನೇ?" ಅಂದರು ಭಾವ.

"ಆನ್‌ಲೈನ್‌ನಲ್ಲಿ ಮಾರಿದ್ರೆ ಏರಿಸೋದೇ ಬೇಡ," ಅಂದೆ ನಾನು. ಯಾವ ಊರಿಗೆ ವರ್ಗವಾದರೂ ಗಿರಾಕಿ ಫೋನಿನಲ್ಲೇ ಇರುತ್ತಾನೆ. ಅಕ್ಕ ಒಪ್ಪಿದ್ದು ಈ ಒಂದು ಮಾತಿಗೆ.

ತೊಡಕೊಂದಿತ್ತು. ಕುಚ್ಚು ಕಟ್ಟುವುದು ಗಿರಾಕಿಯ ಸ್ವಂತ ಸೀರೆಗೆ. ಮುಖ ನೋಡದವರಿಗೆ ರೇಷ್ಮೆ ಸೀರೆಯನ್ನು ಕೊರಿಯರ್ ಮಾಡುವಷ್ಟು ಧಾರಾಳಿಗಳು ಯಾರೂ ಇಲ್ಲ. ಹಾಗಾಗಿ ಅಕ್ಕ ತೆಳ್ಳಗಿನ ಬಟ್ಟೆಯ ಪಟ್ಟಿಗೇ ಕುಚ್ಚು ಕಟ್ಟಿದಳು. ಕೊಂಡವರು ಅದನ್ನು ಸೆರಗಿಗೆ ಹೊಲಿದುಕೊಂಡರೆ ಆಯಿತು.

ಜುಲೈ 13ರಂದು ಫೋಟೊ ತೆಗೆದು ಆನ್‌ಲೈನ್ ಅಂಗಡಿ ತೆರೆದೆವು. ಅಂದ ಕಾಣಲಿ ಎಂದು ಪಟ್ಟಿಯನ್ನು ಅಕ್ಕನ ಧಾರೆ ಸೀರೆಯ ಸೆರಗಿಗೆ ಪಿನ್ ಮಾಡಿ, ಸೀರೆಯನ್ನು ಸೋಫಾ ತುಂಬ ಹರಡಿದ್ದು ನನ್ನ ಬುದ್ಧಿ. ಮೊದಲ ವಾರ ಆರ್ಡರ್ 14. ಭಾವ ಜಲೇಬಿ ತಂದರು.

ಎರಡನೇ ವಾರ ವಾಪಸ್ ಬಂದದ್ದು 11. ಕಾರಣದ ಜಾಗದಲ್ಲಿ ಎಲ್ಲರದೂ ಒಂದೇ ದೂರು: ಸೀರೆ ಬಂದಿಲ್ಲ. ಒಬ್ಬಾಕೆಯಂತೂ "ಸೀರೆ ಇಟ್ಟುಕೊಂಡು ಬರೀ ಬಾಲ ಕಳಿಸಿದ್ದಾರೆ" ಎಂದು ಬರೆದು ಒಂದೇ ನಕ್ಷತ್ರ ಕೊಟ್ಟಿದ್ದಳು.

"ಬಾಲವಂತೆ! ಅಷ್ಟು ದುಡ್ಡಿಗೆ ರೇಷ್ಮೆ ಸೀರೆ ಬೇಕಂತೆ ಇವಳಿಗೆ!" ಅಕ್ಕ ಒಲೆಯ ಮೇಲಿದ್ದ ಸಾರನ್ನೂ ಮರೆತು ಕೂಗಾಡಿದಳು.

ಜುಲೈ 27ರಂದು ಸೀರೆ ತೆಗೆದು, ಬಿಳಿ ಚಾರ್ಟ್ ಹಾಳೆಯ ಮೇಲೆ ಬರೀ ಕುಚ್ಚಿಟ್ಟು ಮತ್ತೆ ಫೋಟೊ ಹಾಕಿದೆವು. ಭಾವ ಕನ್ನಡಕ ಏರಿಸಿ ನೋಡಿ, "ಕಾರು ಒರೆಸೋಕೆ ಚೆನ್ನಾಗಿದೆ," ಅಂದರು. ಆ ದಿನ ಅವರಿಗೆ ಎರಡನೇ ಸಲ ಕಾಫಿ ಸಿಗಲಿಲ್ಲ. ಒಂಬತ್ತು ದಿನದಲ್ಲಿ ಆರ್ಡರ್ ಸೊನ್ನೆ, ವಿಚಾರಣೆ ಒಂದು: ಟ್ರಕ್ಕಿನ ಮುಂದೆ ಕಟ್ಟೋಕೆ ಕಪ್ಪು ಬಣ್ಣದ್ದು ಇದೆಯಾ?

ಆಗ ದಾರಿ ತೋರಿಸಿದ್ದು ಎದುರು ಮನೆಯ ಬೆನ್ (ಇಲ್ಲಿ ಹೆಂಗಸರೆಲ್ಲ ಒಬ್ಬರಿಗೊಬ್ಬರು ಬೆನ್, ಅಂದರೆ ಸೋದರಿ). ಅವರು ಮನೆಯಲ್ಲೇ ಹಪ್ಪಳದಂಥ ಗರಿಗರಿ ಖಾಖ್ರಾ ಮಾಡಿ ಮಾರುವವರು. "ಅರೆ ಬೆನ್, ನಾನು ಆನ್‌ಲೈನ್‌ನಲ್ಲಿ ಅಪರಿಚಿತರನ್ನ ಹುಡುಕೋದೇ ಇಲ್ಲ. ಇಲ್ಲಿ ತಿಂದು, ಊರು ಬಿಟ್ಟು ಹೋದವರಿಗೆ ಮಾತ್ರ ಅದು. ನಿಮ್ಮ ಕುಚ್ಚು ಏನು ಅಂತ ಗೊತ್ತಿರೋರನ್ನ ಮೊದಲು ಕೇಳಿ," ಅಂದರು. ಅಕ್ಕ ನನ್ನ ಕಡೆ ನೋಡಿದ ನೋಟದಲ್ಲಿ, ಇಷ್ಟು ದಿನ ನಿನ್ನ ನೋಟ್‌ಬುಕ್ ಏನು ಮಾಡ್ತಿತ್ತು ಎಂಬ ಪ್ರಶ್ನೆಯಿತ್ತು.

ಅಹಮದಾಬಾದ್, ವಡೋದರಾದ 53 ಹಳೆಯ ಗಿರಾಕಿಗಳಿಗೂ ಲಿಂಕ್ ಕಳಿಸಿದೆವು. ಉತ್ತರ 19, ಆರ್ಡರ್ 8, ವಾಪಸ್ ಸೊನ್ನೆ. ಅಕ್ಕ ಸೊನ್ನೆಗೆ ಖುಷಿಪಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು. ವಡೋದರಾದ ಒಬ್ಬರು ಕೆಳಗೆ ಬರೆದಿದ್ದರು: "ಪಟ್ಟಿ ಚೆನ್ನಾಗಿದೆ. ಆದರೂ ಸೆರಗಿಗೆ ನಿಮ್ಮ ಕೈಯಲ್ಲೇ ಕಟ್ಟಿಸಬೇಕು. ಯಾವಾಗ ಬರ್ತೀರಿ?"

ಅಕ್ಕ ಅದನ್ನು ಮೂರು ಸಲ ಓದಿದಳು.

"ರೀ, ವಡೋದರಾಗೇ ವಾಪಸ್ ಟ್ರಾನ್ಸ್‌ಫರ್ ಕೇಳಕ್ಕಾಗತ್ತಾ?"

ಭಾವ ಪೇಪರನ್ನು ಮುಖದ ಮೇಲೆ ಮುಚ್ಚಿಕೊಂಡು ಸೋಫಾದಲ್ಲಿ ಮಲಗಿಬಿಟ್ಟರು. ಅದು ಹೌದೋ ಅಲ್ಲವೋ ನಮಗಿನ್ನೂ ತಿಳಿದಿಲ್ಲ.

ಸದ್ಯಕ್ಕೆ ಅಂಗಡಿ ತೆರೆದೇ ಇದೆ. ಆದರೆ ಹೊಸಬರು ನೋಡಿದಾಗ ಸೀರೆಯೂ ಅನ್ನಿಸದ, ಒರೆಸುವ ಬಟ್ಟೆಯೂ ಅನ್ನಿಸದ ಹಾಗೆ ಕುಚ್ಚಿನ ಫೋಟೊ ತೆಗೆಯುವುದು ನಮಗೆ ಬಂದಿಲ್ಲ. ಬಲ್ಲವರಿದ್ದರೆ ದಯವಿಟ್ಟು ಒಂದು ಸಾಲು ಬರೆದು ತಿಳಿಸಿ. ಭಾವನ ಸಲಹೆಗಳು ನಮ್ಮಲ್ಲಿ ಈಗಾಗಲೇ ಸಾಕಷ್ಟಿವೆ.