ಅನ್ವರ್ ಸಾಹೇಬರ ಕಿವಿ ಕ್ಲಿಪ್ಪು

ಯಾರ ಮೈಗೇ ಆಗಲಿ, ಕರೆಂಟ್ ಕೊಡುವ ಮುನ್ನ ಅನ್ವರ್ ಸಾಹೇಬರು ತಮ್ಮ ಕೈಗೆ ಕೊಟ್ಟುಕೊಳ್ಳುತ್ತಿದ್ದರು. ಮುಂಗೈಗೆ ಪ್ಯಾಡ್ ಅಂಟಿಸಿ, ಗುಂಡಿ ತಿರುಗಿಸಿ, ಬೆರಳು ತಾನಾಗಿ ಕುಣಿಯುವುದನ್ನು ನೋಡಿ, "ಹಾಂ, ಇವತ್ತು ಮಷೀನ್ ಮೂಡ್ ಚೆನ್ನಾಗಿದೆ, ಬನ್ನಿ" ಎನ್ನುತ್ತಿದ್ದರು. ಶಿವಾಜಿನಗರದ ಗಲ್ಲಿಯೊಂದರಲ್ಲಿ ಅವರ ಫಿಸಿಯೋಥೆರಪಿ ಕೋಣೆ. ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ಮೇಲೆತ್ತಲಾಗದ ಭುಜ ಹೊತ್ತು ಕೆ.ಆರ್. ಪುರದಿಂದ ಅಲ್ಲಿಗೆ ಹೋಗುತ್ತಿದ್ದೆ.

ಭುಜದ ನೆಪದಲ್ಲಿ ಹೊಟ್ಟೆಯ ಮಾತೂ ಬಂತು. ಬೊಜ್ಜು, ಬಿ.ಪಿ., ಸಕ್ಕರೆ, ರಕ್ತದಲ್ಲಿ ಕೊಬ್ಬು, ನಾಲ್ಕೂ ನನಗಿದ್ದವು, ಅವರಿಗೂ ಇದ್ದವು. ಡಾಕ್ಟರು ಅದನ್ನು ಮೆಟಬಾಲಿಕ್ ಸಿಂಡ್ರೋಮ್ ಎಂದಿದ್ದರು. "ನೆಂಟರು ಸಾರ್, ಒಬ್ರು ಬಂದ್ರೆ ಮೂರು ಜನಾನ ಕರ್ಕೊಂಡೇ ಬರ್ತಾರೆ" ಎಂದು ಸಾಹೇಬರು ನಕ್ಕಿದ್ದರು.

ಮಿದುಳಿನಿಂದ ಹೊರಟು ಹೃದಯ, ಹೊಟ್ಟೆ, ಲಿವರ್ ಎಲ್ಲವನ್ನೂ ಮುಟ್ಟುವ ನರವೊಂದಿದೆ, ಅದರ ಎಳೆಯೊಂದು ಕಿವಿಯ ಚರ್ಮದಡಿಯಲ್ಲೇ ಹಾಯುತ್ತದೆ. ಅಲ್ಲಿ ಸಣ್ಣ ಕರೆಂಟ್ ಕೊಟ್ಟರೆ ಈ ನೆಂಟರು ಹೊರಡಬಹುದೇನೋ ಎಂದು ಅವರು ಎಲ್ಲೋ ಓದಿದ್ದರು. ಕ್ಲಿಪ್ಪೊಂದನ್ನು ತಾವೇ ಹೊಂದಿಸಿ ಒಂದು ತಿಂಗಳು ಬೆಳಿಗ್ಗೆ ಕಿವಿಗೆ ಸಿಕ್ಕಿಸಿಕೊಂಡು ಕೂತರು. ಸಕ್ಕರೆ ಇಳಿಯಿತು! ಆದರೆ ಆ ತಿಂಗಳು ರಂಜಾನ್.

"ಬೇವಕೂಫ್ ನಾನು! ಪೇಷಂಟ್ ಕಮ್ಮಿ ಅಂತ ಉಪವಾಸದಲ್ಲಿ ಶುರು ಮಾಡ್ಬಿಟ್ಟೆ. ಇಳಿದಿದ್ದು ರೋಜಾದಿಂದಾನೋ ಕರೆಂಟಿಂದಾನೋ, ಯಾರಿಗ್ಗೊತ್ತು?"

ನನಗೆ ಕೇಳಿಸಿದ್ದು ಇಳಿಯಿತು ಎಂಬುದಷ್ಟೇ. ನನಗೂ ಹಾಕಿ ಎಂದು ದುಂಬಾಲು ಬಿದ್ದೆ. ವಾರಗಟ್ಟಲೆ ಕಾಡಿದ ಮೇಲೆ ಒಪ್ಪಿದರು. "ಒಂದು ಶರತ್ತು. ಮಾತ್ರೆ ಒಂದು ಹೊತ್ತೂ ಬಿಡಂಗಿಲ್ಲ."

ನಾನು ಎರಡನೇ ವಾರಕ್ಕೇ ಬಿಟ್ಟೆ. ಮಾತ್ರೆಯ ಮೇಲೆ ನನಗೆ ಮೊದಲಿಂದಲೂ ಸಿಟ್ಟು. ತಿಂಗಳು ತುಂಬುವುದರೊಳಗೆ ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಕಣ್ಣು ಕತ್ತಲೆಗಟ್ಟಿ ಬಿದ್ದೆ. ಎಚ್ಚರವಾದಾಗ ಆಸ್ಪತ್ರೆ. ಸಕ್ಕರೆ ವಿಪರೀತ ಏರಿತ್ತು.

ಸುದ್ದಿ ತಿಳಿದು ಸಾಹೇಬರು ಓಡಿ ಬಂದರು. ಕೇಳಿದ್ದು ಒಂದೇ ಪ್ರಶ್ನೆ. "ಮಾತ್ರೆ ತಗೋತಿದ್ರಿ ತಾನೇ ಸಾರ್?"

ಪಕ್ಕದಲ್ಲಿ ನನ್ನ ಹೆಂಡತಿ ನಿಂತಿದ್ದಳು. ದಿನಾ ಮಾತ್ರೆ, ನೀರು ಕೈಗಿಟ್ಟು ಹೋಗುತ್ತಿದ್ದವಳು ಅವಳೇ. ಹೂಂ ಎಂದೆ.

"ಹಾಗಾದ್ರೆ ನನ್ನ ಕರೆಂಟೇ ಏನೋ ಮಾಡಿದೆ" ಎಂದು ಮಂಚದ ಕಂಬಿ ಹಿಡಿದು ನಿಂತರು.

ಅಂದಿನಿಂದ ಅವರು ಕಿವಿಯ ಕ್ಲಿಪ್ಪು ಮುಟ್ಟಲಿಲ್ಲ. ಭುಜ, ಮಂಡಿ, ಸೊಂಟಕ್ಕಷ್ಟೇ ಕರೆಂಟು. ನಿಜ ಹೇಳಿಬಿಡಬೇಕೆಂದು ಎಷ್ಟೋ ಸಲ ಹೋದೆ. ಟೀ ಕುಡಿದು ವಾಪಸು ಬಂದೆ. ಕೊನೆಯ ಸಲ ಹೋದಾಗ ಹೆಂಗಸೊಬ್ಬರು ಸಕ್ಕರೆಗೆ ಕಿವಿ ಚಿಕಿತ್ಸೆ ಕೊಡ್ತೀರಂತೆ ಎಂದು ಕೇಳುತ್ತಿದ್ದರು. ಸಾಹೇಬರು ನನ್ನತ್ತ ಕೈ ತೋರಿಸಿದರು. "ಬೇಡಮ್ಮ. ಇವ್ರನ್ನ ಕೇಳಿ. ನನ್ನಿಂದ ಇವ್ರ ಜೀವಾನೇ ಹೋಗ್ತಿತ್ತು." ನಾನು ಕೂತಲ್ಲೇ ನೆಲ ನೋಡಿದೆ. ಅಂಥ ಹೇಡಿ ನಾನು.

ಮುಂದಿನ ವರ್ಷ ಸಾಹೇಬರು ಹೃದಯಾಘಾತದಿಂದ ತೀರಿಕೊಂಡರು. ಮಣ್ಣು ಮುಗಿಸಿ ಬಂದ ಅವರ ಮಗ ನನ್ನ ಎರಡೂ ಕೈ ಹಿಡಿದುಕೊಂಡ.

"ಅಂಕಲ್, ಅಬ್ಬಾ ದಿನಾ ನಮಾಜಲ್ಲಿ ನಿಮ್ಮ ಹೆಸರು ತಗೋತಿದ್ರು. ನೀವು ಚೆನ್ನಾಗಿರ್ಬೇಕು, ತನಗೆ ಮಾಫಿ ಸಿಗ್ಬೇಕು ಅಂತ. ನೀವು ಮಾಫ್ ಮಾಡಿದೀರಲ್ಲ?"

ಆಗಲೂ ನಾನು ಹೂಂ ಎಂದೆ.