ಅಣ್ಣ ಎದ್ದು ಹೊರಗೆ ಹೋದ ದಿನ

ಟೋಂಗಾ ದೇಶದ ಏಉವಾ ದ್ವೀಪದಲ್ಲಿದ್ದ ವೈಮೋವನಳಿಗೆ ಐವತ್ತು ದಾಟಿತ್ತು. ಗಂಡ ತೀರಿಕೊಂಡ ಮೇಲೆ ಊರ ಹೆಂಗಸರ ಜೊತೆ ಕೂತು ಮರದ ನಾರನ್ನು ಕೊಡತಿಯಿಂದ ಬಡಿದು ಬಟ್ಟೆ ಮಾಡುವುದೇ ಅವಳ ಬದುಕು. ಪಕ್ಕದಲ್ಲಿ ಸದಾ ಗೆಳತಿ ಲೊಸಲೀನೆ. ಅವಳ ಕೈಗಿಂತ ಬಾಯಿ ಜೋರು.

ಒಂದು ಭಾನುವಾರ ಪ್ರಾರ್ಥನೆ ಮುಗಿದ ಮೇಲೆ, ರಾಜಧಾನಿಯಿಂದ ಬಂದ ನರ್ಸ್ ಚರ್ಚಿನ ಹಜಾರದಲ್ಲಿ ಸ್ತನ ಕ್ಯಾನ್ಸರಿನ ಮಾತೆತ್ತಿದಳು. ಮುಂದಿನ ಸಾಲಿನಲ್ಲಿ ವೈಮೋವನಳ ಅಣ್ಣ ಫಿಲಿಮೋನೆ ಕೂತಿದ್ದ. ಅಲ್ಲಿಯ ರೂಢಿಯಂತೆ, ಅಣ್ಣ ತಂಗಿ ಇಬ್ಬರೂ ಇರುವ ಕಡೆ ಮೈಯ ವಿಷಯ ಬಂದರೆ ತಂಗಿಯಾದವಳು ಅಲ್ಲಿ ಕೂರುವ ಹಾಗಿಲ್ಲ. ಅವಳು ತಲೆ ತಗ್ಗಿಸಿ ಎದ್ದು ಹೊರಟಳು. ಇನ್ನೂ ಹಲವು ಹೆಂಗಸರು ಹಿಂದೆಯೇ ಎದ್ದರು.

ಮರುದಿನ ಲೊಸಲೀನೆ ನಾರು ಬಡಿಯುತ್ತಲೇ ಅಂದಳು: "ನಾನು ಹಡಗು ಹತ್ತಿ ರಾಜಧಾನಿಯ ದೊಡ್ಡಾಸ್ಪತ್ರೆಗೆ ಹೋಗಿ ತೋರಿಸ್ಕೊಂಡು ಬರ್ತೀನಿ. ನೀನೂ ಬಾರೇ."

"ನಂಗೆ ನೋವಿಲ್ಲ, ಗಂಟಿಲ್ಲ. ಸುಮ್‌ಸುಮ್ನೆ ಯಾರ್ ಮುಂದೋ ಅಂಗಿ ಬಿಚ್ಲಾ?"

"ನೋಡೋಳು ಹೆಂಗಸೇ ಕಣೇ."

"ಹಡಗಿನ ಹತ್ರ ಹೋಗೋಕೆ ಅಣ್ಣನ ಗಾಡೀನೇ ಗತಿ. ಎಲ್ಲಿಗೆ ಅಂತ ಕೇಳಿದ್ರೆ ಏನ್ ಹೇಳ್ಲಿ?"

"ತೋರಿಸೋದು ನಿನ್ನ ಎದೆ, ನಿಮ್ಮಣ್ಣಂದಲ್ಲ! ಬಿಡು, ನಿಮ್ಮತ್ತಿಗೆ ಹತ್ರ ನಾನು ಮಾತಾಡ್ತೀನಿ."

ಅತ್ತಿಗೆ ಸೇಯಿನಿ ಗಂಡನಿಗೆ "ಹೆಂಗಸರ ಕೆಲಸ" ಎಂದಷ್ಟೇ ಹೇಳಿದಳು. ಅವನು ಏನೂ ಕೇಳದೆ ಬೆಳಿಗ್ಗೆ ಗಾಡಿ ತಂದು ನಿಲ್ಲಿಸಿದ.

ಆಸ್ಪತ್ರೆಯಲ್ಲಿ ತೆಗೆದ ಎಕ್ಸ್‌ರೇ ಚಿತ್ರದಲ್ಲಿ ಲೊಸಲೀನೆಗೆ ಏನೂ ಇರಲಿಲ್ಲ. ವೈಮೋವನಳ ಎದೆಯಲ್ಲಿ ಮಾತ್ರ, ಕೈಗೆ ಸಿಗದಷ್ಟು ಸಣ್ಣ ಗಂಟೊಂದು ಕಂಡಿತು. ಕ್ಯಾನ್ಸರೇ. ಆದರೆ ಬೇಗ ಸಿಕ್ಕಿದ್ದರಿಂದ ಗಂಟನ್ನಷ್ಟೇ ತೆಗೆದು, ಒಂದಿಷ್ಟು ಔಷಧಿ ಕೊಟ್ಟು ಕಳಿಸಿದರು. ಅಲ್ಲಿದ್ದಷ್ಟು ದಿನವೂ ಲೊಸಲೀನೆ ಅವಳ ತಲೆ ಬಾಚಿ, ಬೈದು ಬೈದು ಊಟ ಮಾಡಿಸಿದಳು.

ಹಡಗಿಳಿದಾಗ ಅಣ್ಣನ ಗಾಡಿ ಕಾಯುತ್ತಿತ್ತು. ಹೆಂಡತಿ ಎಷ್ಟು ಹೇಳಿದ್ದಳೋ ಏನೋ, ಹಿಂಬದಿಯಲ್ಲಿ ಅವನು ಮನೆಯ ಚಾಪೆಗಳನ್ನೆಲ್ಲ ಒಂದರ ಮೇಲೊಂದು ಹಾಸಿದ್ದ. ಅವನು ತಂಗಿಯ ಮುಖ ನೋಡಲಿಲ್ಲ. ಹಳ್ಳ ಸಿಕ್ಕಲ್ಲೆಲ್ಲ ರಸ್ತೆಗೆ ಶಾಪ ಹಾಕುತ್ತ, ಎತ್ತಿನ ಗಾಡಿಯಷ್ಟು ನಿಧಾನವಾಗಿ ಮನೆ ಮುಟ್ಟಿಸಿದ.

ಕೆಲವು ತಿಂಗಳ ಮೇಲೆ ಅದೇ ನರ್ಸ್ ಮತ್ತೆ ಚರ್ಚಿನ ಹಜಾರಕ್ಕೆ ಬಂದಳು. ಅವಳು ಬಾಯಿ ತೆರೆಯುವ ಮೊದಲೇ ಫಿಲಿಮೋನೆ ಎದ್ದು ನಿಂತ.

"ಗಂಡಸರೆಲ್ಲ ಏಳ್ರಪ್ಪಾ. ಹೊರಗೆ ಗೆಣಸು ಸುಡೋದಿದೆ."

"ಯಾಕೋ, ನಾವು ಕೇಳ್ಬಾರ್ದಾ?" ಮುದುಕನೊಬ್ಬ ಗೊಣಗಿದ.

"ನಾವಿದ್ರೆ ಅವರು ಕೇಳಲ್ಲ ತಾತ. ಬನ್ನಿ."

ಗಂಡಸರು ಒಬ್ಬೊಬ್ಬರಾಗಿ ಹೊರಗೆ ಹೋದರು. ಹೆಂಗಸರು ಯಾರೂ ಏಳಲಿಲ್ಲ. ತೋರಿಸಿಕೊಂಡವರು ಯಾರಾದರೂ ಇದ್ದೀರಾ ಎಂದು ನರ್ಸ್ ಕೇಳಿದ್ದಕ್ಕೆ ವೈಮೋವನ ತನಗಾದದ್ದನ್ನು ತಾನೇ ಎದ್ದು ಹೇಳಿದಳು.

ಮಧ್ಯಾಹ್ನ ಕೆಸುವಿನೆಲೆಯಲ್ಲಿ ಮಾಂಸ ಕಟ್ಟಿ, ತೆಂಗಿನ ಹಾಲು ಹಾಕಿ ಬೇಯಿಸಿ, ಅತ್ತಿಗೆಯ ಕೈಗಿತ್ತಳು.

"ಅಣ್ಣಂಗೆ ಹೇಳಿ..." ಎಂದು ಶುರುಮಾಡಿ, ಪೊಟ್ಟಣದ ಎಲೆ ಸರಿಪಡಿಸಿದಳು.

"ಏನಂತ ಹೇಳ್ಲಮ್ಮ?"

"ಬಿಸಿಯಾಗಿದೆ, ಈಗ್ಲೇ ತಿನ್ನಬೇಕಂತೆ ಅಂತ ಹೇಳಿ ಅತ್ತಿಗೆ."