ಕುದುರೆಯ ಪೇಪರ್

ಆ ಫಾರೆಸ್ಟ್ ಗಾರ್ಡಿನ ಕಾಟಕ್ಕೆ ಬಣ್ಣದ ಡಬ್ಬಿ ಎಸೆದು ಊರು ಬಿಡುವುದೊಂದೇ ನನಗೆ ಬಾಕಿಯಿತ್ತು. ಕಾಡಂಚಿನ ಪೊನ್ಕುಳಿ ಎಂಬ ಊರಿನ ಹತ್ತಿರದ ಶಾಲೆಯಲ್ಲಿ ನಾನು ಡ್ರಾಯಿಂಗ್ ಮೇಷ್ಟ್ರು. ಲವ ಕುಶರು ರಾಮನ ಅಶ್ವಮೇಧದ ಕುದುರೆಯನ್ನು ಮರಕ್ಕೆ ಕಟ್ಟಿಹಾಕಿದ ಚಿತ್ರವನ್ನು ಶಾಲೆಯ ಗೋಡೆಯ ಮೇಲೆ ಬರೆದಿದ್ದೆ. ಗಾರ್ಡು ದಿನಾ ಬಂದು, ಸೌದೆ ಹೊತ್ತ ಹೆಂಗಸರನ್ನು ತಡೆದು ಪರವಾನಗಿ ಕೇಳುವ ಹಾಗೆಯೇ, ಬೆಲ್ಟಿಗೆ ಹೆಬ್ಬೆರಳು ಸಿಕ್ಕಿಸಿ ಕುದುರೆಯೆದುರು ನಿಲ್ಲುತ್ತಿದ್ದ.

“ಪೇಪರ್ ಉಂಟಾ ಮಾಷೇ?”

“ಹಣೆಯ ಮೇಲೆ ಓಲೆ ಇದೆಯಲ್ಲ ಮಾರಾಯ! ಕುದುರೆ ತುಳಿದ ನೆಲವೆಲ್ಲ ರಾಮನದು ಅಂತ ಬರೆದಿದೆ.”

“ತುಳಿದರೆ ಆಯ್ತಾ? ಸರ್ವೆ ಬೇಡವಾ?”

ಎಷ್ಟು ಹೇಳಿದರೂ ಮರುದಿನ ಮತ್ತೆ ಅದೇ ಪೇಪರು.

ನಕ್ಸಲರನ್ನು ಹುಡುಕುತ್ತ ಪೊಲೀಸ್ ಜೀಪು ಕಾಡಂಚಿನಲ್ಲಿ ಅಲೆಯುತ್ತಿದ್ದ ಕಾಲ ಅದು. ಒಂದು ಮಧ್ಯಾಹ್ನ ಇನ್ಸ್‌ಪೆಕ್ಟರ್ ಗೋಡೆಯೆದುರು ಇಳಿದ. ಬಿಲ್ಲು ಹಿಡಿದ ಈ ಕಾಡುಹುಡುಗರು ಯಾರು, ಯಾರ ಜಮೀನಿಗೆ ನುಗ್ಗಲು ಮಕ್ಕಳಿಗೆ ಕಲಿಸುತ್ತಿದ್ದೀಯ ಎಂದು ಗದರಿದ. ಎಂದಿನಂತೆ ಅಲ್ಲೇ ನಿಂತಿದ್ದ ಗಾರ್ಡು ಸೆಲ್ಯೂಟ್ ಹೊಡೆದು, “ರಾಮನ ಮಕ್ಕಳು ಸಾರ್. ಕುದುರೆಗೆ ಪೇಪರ್ ಉಂಟು” ಎಂದ. ಇಷ್ಟು ದಿನ ನನ್ನ ತಲೆ ತಿಂದ ಅದೇ ಬಾಯಿ! ಇನ್ಸ್‌ಪೆಕ್ಟರ್ ಓಲೆಯನ್ನು ನೋಡಿದ, ಬಿಲ್ಲುಗಳನ್ನು ಅಳಿಸಲು ಹೇಳಿ ಹೋದ.

ಮರುದಿನ ನಾನು ಬರುವಷ್ಟರಲ್ಲಿ ಗಾರ್ಡೇ ಬಿಲ್ಲುಗಳ ಮೇಲೆ ಸುಣ್ಣ ಬಳಿದಿದ್ದ. ಗೋಡೆಯ ಮೇಲೆ ಲವ ಕುಶರು ಬರಿಗೈಯಲ್ಲಿ ನಿಂತಿದ್ದರು.

“ಇದೇನು ಅವತಾರ? ಚಿತ್ರ ಕೆಡಿಸಿದೆಯಲ್ಲ!” ಎಂದು ಕೂಗಾಡಿದೆ.

ಅವನು ಬ್ರಷ್ ಒರೆಸುತ್ತ, “ಬಿಲ್ಲು ಅಳಿಸು ಅಂದ್ರು, ಅಳಿಸಿದೆ. ಕುದುರೆಯ ಹಗ್ಗ ಬಿಚ್ಚು ಅಂತ ಯಾರೂ ಹೇಳ್ಲಿಲ್ಲ ಮಾಷೇ” ಎಂದ.